‘ಟ್ರೇನಿ’ ಎಂದಾಕ್ಷಣ ಎದ್ದು ಹೋಗಬೇಡಿ

ಮಗು ಮಾತು ನಿಲ್ಲಿಸಿದೆ, ಅಥವಾ ಶಾಲೆಯಲ್ಲಿ ದಿನಾ ಹೊಡೆದಾಟ, ಅಥವಾ ರಾತ್ರಿ ಬೆಚ್ಚಿಬಿದ್ದು ಅಳುತ್ತದೆ. ಇಂಥದ್ದೇನನ್ನೋ ಮನಸ್ಸಿನಲ್ಲಿ ಹೊತ್ತು ನೀವು ದೊಡ್ಡ ಆಸ್ಪತ್ರೆಯ ಮಕ್ಕಳ ಮನೋವಿಭಾಗಕ್ಕೆ ಬಂದಿರುತ್ತೀರಿ. ಬೆಳಗಿನ ಬಸ್ಸು ಹಿಡಿದು, ಚೀಟಿ ಮಾಡಿಸಿ, ಗಂಟೆಗಟ್ಟಲೆ ಕಾದು ಒಳಗೆ ಹೋದರೆ ಇಪ್ಪತ್ತೈದರ ಆಸುಪಾಸಿನ ಒಬ್ಬ ಹುಡುಗಿ ಕುರ್ಚಿ ಎಳೆದು ಕೂತು, “ನಾನು ಇಲ್ಲಿ ಟ್ರೇನಿ. ಮೊದಲು ನಿಮ್ಮ ಮಗುವಿನ ಜೊತೆ ನಾನು ಮಾತಾಡುತ್ತೇನೆ” ಎನ್ನುತ್ತಾಳೆ. ನಿಮ್ಮ ಮುಖ ಸಣ್ಣದಾಗುತ್ತದೆ. ಕಲಿಯುವುದಕ್ಕೆ ಇವರಿಗೆ ನಮ್ಮ ಮಗುವೇ ಸಿಕ್ಕಿತೇ? ದೊಡ್ಡ ಡಾಕ್ಟರ್ ಎಲ್ಲಿ? ಕೆಲವರು ಅಲ್ಲಿಂದಲೇ ಎದ್ದು ಹೊರಟು, ಊರಿನ ಪೇಟೆಯಲ್ಲಿ ‘ಕೌನ್ಸೆಲಿಂಗ್’ ಎಂದು ಬೋರ್ಡು ಹಾಕಿದ ಯಾರದೋ ಬಾಗಿಲು ತಟ್ಟುತ್ತಾರೆ.

ನಿಮ್ಮ ಆತಂಕ ಸಹಜ. ಆದರೆ ಎದ್ದು ಹೋಗುವುದು ತಪ್ಪು ಎಂಬುದು ನನ್ನ ಅಭಿಪ್ರಾಯ. ಮುಂದೆ ಕುಳಿತವರು ಕಲಿಯುತ್ತಿದ್ದಾರೆ ಎನ್ನುವುದು ಅಪಾಯದ ಲಕ್ಷಣವಲ್ಲ. ಅವರ ಕೆಲಸವನ್ನು ಯಾರೂ ನೋಡುತ್ತಿಲ್ಲ ಎನ್ನುವುದು ಅಪಾಯ. ಆದ್ದರಿಂದ ಎದ್ದು ಹೋಗುವ ಮೊದಲು ಎರಡೇ ಪ್ರಶ್ನೆ ಕೇಳಿ: ನಿಮ್ಮ ಮೇಲ್ವಿಚಾರಕರು ಯಾರು? ನೀವು ಇಲ್ಲಿಂದ ಯಾವಾಗ ಹೋಗುತ್ತೀರಿ?

ಈ ಎರಡು ಪ್ರಶ್ನೆಗಳು ಎಲ್ಲಿಂದ ಬಂದವು ಎಂದು ತಿಳಿಯಲು ಸ್ವಲ್ಪ ಹೊತ್ತು ಅಮೆರಿಕಕ್ಕೆ ಹೋಗಿ ಬರಬೇಕು. ಮಕ್ಕಳ ಮನಸ್ಸನ್ನು ನೋಡುವವರನ್ನು ತಯಾರು ಮಾಡುವ ಕ್ರಮವನ್ನು ಅಲ್ಲಿ ಗಂಟೆಗಳ ಲೆಕ್ಕದಲ್ಲಿ ಬರೆದಿಟ್ಟಿದ್ದಾರೆ. ಕರಾವಳಿಯಿಂದಲೂ ಬೆಂಗಳೂರಿನಿಂದಲೂ ಅಲ್ಲಿಗೆ ಹೋಗಿ ನೆಲೆಸಿದ ನಮ್ಮ ಕುಟುಂಬಗಳಿವೆ. ಮಗುವಿನ ಶಾಲೆಯಿಂದ ಇಂಥದೊಂದು ಕರೆ ಬಂದಾಗ ಅವರು ಮೊದಲು ಫೋನ್ ಮಾಡುವುದು ಊರಿನಲ್ಲಿರುವ ನಿಮಗೇ.

ಅಮೆರಿಕದಲ್ಲಿ ಅಂಗವೈಕಲ್ಯ ಅಥವಾ ಮಾನಸಿಕ ತೊಂದರೆಯಿರುವ ಮಗುವಿಗೂ ಸರಕಾರಿ ಖರ್ಚಿನಲ್ಲಿ ತಕ್ಕ ಶಿಕ್ಷಣ ಸಿಗಬೇಕು ಎಂಬ ಕಾನೂನು 1975ರಲ್ಲಿ ಬಂತು. ಪ್ರತಿಯೊಂದು ಮಗುವಿಗೂ ಹೆತ್ತವರ ಜೊತೆ ಕುಳಿತು ಒಂದು ಲಿಖಿತ ಯೋಜನೆ ಮಾಡುತ್ತಾರೆ. ಅದನ್ನು ಐಇಪಿ ಎನ್ನುತ್ತಾರೆ. ಸಾಮಾನ್ಯ ಶಾಲೆಯಲ್ಲಿ ಎಷ್ಟು ಪ್ರಯತ್ನಿಸಿದರೂ ಮಗು ಕಲಿಯಲಾಗದಿದ್ದರೆ ಆ ಯೋಜನೆಯ ಪ್ರಕಾರ ಮಗುವನ್ನು ‘ಚಿಕಿತ್ಸಾ ಶಾಲೆ’ಗೆ ಕಳಿಸಬಹುದು. ಅದು ಆಸ್ಪತ್ರೆಯಲ್ಲ, ಶಾಲೆಯೇ. ಗಣಿತ, ವಿಜ್ಞಾನ, ಆಟ, ಊಟದ ಬೆಲ್ಲು ಎಲ್ಲವೂ ಇರುತ್ತದೆ. ಆದರೆ ತರಗತಿಯಲ್ಲಿ ಕೆಲವೇ ಮಕ್ಕಳು, ಶಿಕ್ಷಕರ ಜೊತೆ ಸಹಾಯಕರು, ಪಕ್ಕದ ಕೋಣೆಯಲ್ಲೇ ಮನಃಶಾಸ್ತ್ರಜ್ಞರು. ಮಗು ಸಂಜೆ ಮನೆಗೆ ಬರುವ ಶಾಲೆಗಳೇ ಹೆಚ್ಚು. ಅಲ್ಲೇ ಉಳಿಯುವ ಶಾಲೆಗಳೂ ಇವೆ.

ಮನಃಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡುವವರು ಕೊನೆಗೆ ಒಂದು ಪೂರ್ಣ ವರ್ಷದ ಇಂಟರ್ನ್‌ಶಿಪ್ ಮುಗಿಸಬೇಕು. ಮುಗಿಸದೆ ಪದವಿಯಿಲ್ಲ. ಕೆಲವರು ಆ ವರ್ಷವನ್ನು ಇಂಥ ಶಾಲೆಗಳಲ್ಲಿ ಕಳೆಯುತ್ತಾರೆ. ಇಲ್ಲಿಗೆ ಬರುವ ಹೊತ್ತಿಗೆ ಅವರು ಹಲವು ವರ್ಷ ಓದಿ, ಬೇರೆ ಬೇರೆ ಚಿಕಿತ್ಸಾಲಯಗಳಲ್ಲಿ ಸಣ್ಣ ಅವಧಿಯ ತರಬೇತಿ ಪಡೆದಿರುತ್ತಾರೆ. ಜಾಗ ಸಿಗುವ ರೀತಿಯೂ ಸ್ವಾರಸ್ಯದ್ದು. ಅಭ್ಯರ್ಥಿ ತನಗೆ ಬೇಕಾದ ಸಂಸ್ಥೆಗಳನ್ನು ಕ್ರಮವಾಗಿ ಬರೆಯುತ್ತಾನೆ, ಸಂಸ್ಥೆ ತನಗೆ ಬೇಕಾದ ಅಭ್ಯರ್ಥಿಗಳನ್ನು ಕ್ರಮವಾಗಿ ಬರೆಯುತ್ತದೆ, ಕಂಪ್ಯೂಟರ್ ಎರಡೂ ಪಟ್ಟಿ ನೋಡಿ ಜೋಡಿ ಮಾಡುತ್ತದೆ. ನಮ್ಮ ಮದುವೆ ಬ್ರೋಕರನ ಕೆಲಸವೇ, ಕಮಿಷನ್ ಮಾತ್ರ ಇಲ್ಲ.

ಇನ್ನು ಮುಖ್ಯ ವಿಷಯ. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ ಮಾನ್ಯತೆ ಪಡೆದ ಇಂಟರ್ನ್‌ಶಿಪ್ ಆಗಿದ್ದರೆ ವಾರಕ್ಕೆ ಕನಿಷ್ಠ 4 ಗಂಟೆ ಮೇಲ್ವಿಚಾರಣೆ ಕಡ್ಡಾಯ. ಅದರಲ್ಲಿ ಕನಿಷ್ಠ 2 ಗಂಟೆ ಲೈಸೆನ್ಸ್ ಇರುವ, ಡಾಕ್ಟರೇಟ್ ಪಡೆದ ಮನಃಶಾಸ್ತ್ರಜ್ಞರೊಬ್ಬರು ಆ ಇಂಟರ್ನ್ ಒಬ್ಬರ ಜೊತೆಯೇ ಕುಳಿತುಕೊಳ್ಳಬೇಕು. ಅಲ್ಲಿ ಏನಾಗುತ್ತದೆ? ಸೋಮವಾರ ಹುಡುಗ ಏನು ಹೇಳಿದ, ನೀನು ಏನು ಉತ್ತರ ಕೊಟ್ಟೆ, ಯಾಕೆ ಹಾಗೆ ಹೇಳಿದೆ, ಅವನು ಮೇಜಿನ ಕೆಳಗೆ ಹೋಗಿ ಕುಳಿತಾಗ ನಿನಗೆ ಸಿಟ್ಟು ಬಂತೇ – ಇದನ್ನೆಲ್ಲ ಒಂದೊಂದಾಗಿ ಬಿಚ್ಚಿ ನೋಡುತ್ತಾರೆ. ಮಾತುಕತೆಯ ರೆಕಾರ್ಡಿಂಗ್ ಕೇಳುವುದೂ ಉಂಟು. ಹೆತ್ತವರ ಒಪ್ಪಿಗೆ ಇದ್ದರೆ ಮಾತ್ರ ರೆಕಾರ್ಡ್ ಮಾಡಬಹುದು. ಹಿರಿಯ ವೈದ್ಯರೊಬ್ಬರು ಇಪ್ಪತ್ತು ವರ್ಷದಿಂದ ಒಬ್ಬರೇ ಕೋಣೆಯ ಬಾಗಿಲು ಹಾಕಿಕೊಂಡು ಕೆಲಸ ಮಾಡುತ್ತಿದ್ದಾರೆ ಎಂದುಕೊಳ್ಳಿ. ಅವರು ಕಳೆದ ಸೋಮವಾರ ನಿಮ್ಮ ಮಗುವಿಗೆ ಹೇಳಿದ ಮಾತನ್ನು ಇನ್ನೊಬ್ಬರು ಪರಿಶೀಲಿಸಿದ್ದಾರೆಯೇ? ಹೆಚ್ಚಾಗಿ ಇಲ್ಲ. ಟ್ರೇನಿಯ ಮಾತನ್ನು ಪರಿಶೀಲಿಸಿರುತ್ತಾರೆ.

ಅದೇ ಸಂಘದ ನೀತಿಸಂಹಿತೆ ಇನ್ನೊಂದನ್ನೂ ಹೇಳುತ್ತದೆ. ಚಿಕಿತ್ಸೆ ಕೊಡುವವರು ಕಲಿಯುತ್ತಿರುವವರಾಗಿದ್ದು, ಕಾನೂನಿನ ಹೊಣೆ ಮೇಲ್ವಿಚಾರಕರದ್ದಾಗಿದ್ದರೆ ಅದನ್ನು ಮೊದಲೇ ತಿಳಿಸಬೇಕು. ಮೇಲ್ವಿಚಾರಕರ ಹೆಸರನ್ನೂ ಕೊಡಬೇಕು. ಅಂದರೆ ಆ ಹುಡುಗಿ “ನಾನು ಟ್ರೇನಿ” ಎಂದದ್ದು ತನ್ನ ದೌರ್ಬಲ್ಯವನ್ನು ಬಿಚ್ಚಿಟ್ಟದ್ದಲ್ಲ. ಅದು ನಿಮಗೆ ಸಲ್ಲಬೇಕಾದ ಮಾಹಿತಿ. ಹೇಳದೆ ಮುಚ್ಚಿಟ್ಟಿದ್ದರೆ ನೀವು ಚಿಂತಿಸಬೇಕಿತ್ತು.

ಕಲಿಯುವವರನ್ನು ಮಕ್ಕಳ ಶಾಲೆಗೇ ಯಾಕೆ ಕಳಿಸಬೇಕು, ಕ್ಲಿನಿಕ್ಕಿನಲ್ಲೇ ಕಲಿಯಬಾರದೇ ಎಂದು ನೀವು ಕೇಳಬಹುದು. ಮನಃಶಾಸ್ತ್ರದ ಚಿಕಿತ್ಸೆ ಶುರುವಾದದ್ದೇ ಶಾಲೆಯ ಮಗುವಿನಿಂದ. 1896ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಲೈಟ್ನರ್ ವಿಟ್ಮರ್ ಬಳಿಗೆ ಶಿಕ್ಷಕಿಯೊಬ್ಬರು 14 ವರ್ಷದ ಹುಡುಗನನ್ನು ಕರೆತಂದರು. ಬುದ್ಧಿವಂತ, ಆದರೆ ಕಾಗುಣಿತ ಮಾತ್ರ ಬರುವುದಿಲ್ಲ. ವಿಟ್ಮರ್ ಪರೀಕ್ಷಿಸಿದಾಗ ಹುಡುಗನ ಕಣ್ಣಿನಲ್ಲಿ ದೋಷ ಕಂಡಿತು. ಕನ್ನಡಕ ಹಾಕಿಸಿ, ಪಾಠ ಹೇಳಿಕೊಟ್ಟ ಮೇಲೆ ಅವನು ಸುಧಾರಿಸಿದ. (ನಿಮ್ಮ ಮಗುವನ್ನು ‘ದಡ್ಡ’ ಎಂದು ಯಾರಾದರೂ ಹೇಳಿದರೆ ಮೊದಲು ಕಣ್ಣು, ಕಿವಿ ತಪಾಸಣೆ ಮಾಡಿಸಿ. ಈ ಸಲಹೆಗೆ ನೂರು ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ, ಈಗಲೂ ಹಳತಾಗಿಲ್ಲ.)

ಇಂಟರ್ನ್‌ಶಿಪ್ ಹುಟ್ಟಿದ್ದೂ ಮಕ್ಕಳ ಸಂಸ್ಥೆಯಲ್ಲೇ. ನ್ಯೂಜೆರ್ಸಿಯ ವೈನ್‌ಲ್ಯಾಂಡ್ ಎಂಬ ಊರಿನಲ್ಲಿ ಬುದ್ಧಿಮಾಂದ್ಯ ಮಕ್ಕಳ ವಸತಿಶಾಲೆಯೊಂದಿತ್ತು. ಅಲ್ಲಿ 1908ರಲ್ಲಿ ಮೊದಲ ಬಾರಿಗೆ ಮನಃಶಾಸ್ತ್ರದ ಇಂಟರ್ನ್‌ಗಳನ್ನು ತೆಗೆದುಕೊಂಡರು ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ವೈನ್‌ಲ್ಯಾಂಡ್ ಎಂಬ ಹೆಸರು ನಿಮಗೆ ಹೊಸದೆನಿಸಬಹುದು. ಆದರೆ ಮಗುವಿಗೆ ಬೌದ್ಧಿಕ ಅಂಗವಿಕಲತೆಯ ಪ್ರಮಾಣಪತ್ರ ಮಾಡಿಸಲು ಓಡಾಡಿದವರು ಮನೆಯ ಕಪಾಟಿನಲ್ಲಿರುವ ಫೈಲನ್ನು ತೆರೆದು ನೋಡಿ. ಅದರಲ್ಲಿ ‘ವಿಎಸ್‌ಎಂಎಸ್’ ಎಂದು ಬರೆದಿರುವ ಸಂಭವವಿದೆ. ಮಗು ತಾನೇ ಊಟ ಮಾಡುತ್ತದೆಯೇ, ಗುಂಡಿ ಹಾಕಿಕೊಳ್ಳುತ್ತದೆಯೇ, ಪಕ್ಕದ ಅಂಗಡಿಗೆ ಹೋಗಿ ಬರುತ್ತದೆಯೇ ಎಂದೆಲ್ಲ ನಿಮ್ಮಲ್ಲಿ ಕೇಳಿದ್ದರಲ್ಲ, ಆ ಪ್ರಶ್ನೆಗಳು. ಮೊದಲ ಅಕ್ಷರ ವೈನ್‌ಲ್ಯಾಂಡ್‌ನದ್ದು. ಅದೇ ಶಾಲೆಯಲ್ಲಿ ಎಡ್ಗರ್ ಡಾಲ್ 1935ರಲ್ಲಿ ರೂಪಿಸಿದ ಅಳತೆಗೋಲು ಅದು; ಭಾರತಕ್ಕೆ ಹೊಂದುವಂತೆ ಅದನ್ನು ಮಾಲಿನ್ ಎಂಬವರು ಬದಲಾಯಿಸಿದರು.

ಆ ಶಾಲೆಯ ಕಥೆಯಲ್ಲಿ ಕಪ್ಪು ಅಧ್ಯಾಯವೂ ಇದೆ, ಅದನ್ನು ಬಿಡುವಂತಿಲ್ಲ. ಅಲ್ಲಿನ ಸಂಶೋಧನಾ ಮುಖ್ಯಸ್ಥ ಹೆನ್ರಿ ಗಾಡರ್ಡ್ ಫ್ರಾನ್ಸಿನ ಬಿನೆ ಬುದ್ಧಿಪರೀಕ್ಷೆಯನ್ನು ಅಮೆರಿಕಕ್ಕೆ ತಂದವರು. ಬುದ್ಧಿಮಾಂದ್ಯತೆ ರಕ್ತದಲ್ಲೇ ಹರಿದುಬರುತ್ತದೆ ಎಂದು 1912ರಲ್ಲಿ ಪುಸ್ತಕ ಬರೆದರು. ಆ ವಾದ ಮುಂದೆ ಬಿದ್ದುಹೋಯಿತು. ಅವರ ಸಹಾಯಕರು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ, ವಾರಗಟ್ಟಲೆ ಹಡಗಿನಲ್ಲಿ ಬಂದು ಇಳಿದ ಬಡ ವಲಸಿಗರಿಗೆ ದುಭಾಷಿಯ ಮೂಲಕ ಆ ಪರೀಕ್ಷೆ ಕೊಟ್ಟರು. ಪರೀಕ್ಷೆಗೆ ಕುಳಿತವರಲ್ಲಿ ಬಹುಪಾಲು ಮಂದಿಗೆ ‘ಮಂದಬುದ್ಧಿ’ ಎಂಬ ಹಣೆಪಟ್ಟಿ ಸಿಕ್ಕಿತು. ಹೆದರಿಕೆ, ಆಯಾಸ, ಭಾಷೆ ಯಾವುದೂ ಲೆಕ್ಕಕ್ಕೆ ಬರಲಿಲ್ಲ.

ಇದನ್ನು ಹೇಳಿದ್ದಕ್ಕೆ ಕಾರಣವಿದೆ. ನಮ್ಮ ಮನೆಯಲ್ಲಿ ಬ್ಯಾರಿ, ಉರ್ದು ಅಥವಾ ನವಾಯತಿ ಮಾತಾಡುವ ಐದು ವರ್ಷದ ಮಗುವನ್ನು ಅಪರಿಚಿತ ಕೋಣೆಯಲ್ಲಿ ಕೂರಿಸಿ ಇಂಗ್ಲಿಷಿನಲ್ಲೋ ಪುಸ್ತಕದ ಕನ್ನಡದಲ್ಲೋ ಪ್ರಶ್ನೆ ಕೇಳಿದರೆ ಅಂಕ ಕಡಿಮೆಯೇ ಬರುತ್ತದೆ. ಆ ಅಂಕ ಮಗುವಿನ ಬುದ್ಧಿಯದ್ದೋ ಭಾಷೆಯದ್ದೋ? ಮನೆಯ ಭಾಷೆ ಯಾವುದು ಎಂದು ಪರೀಕ್ಷೆಗೆ ಮೊದಲೇ ಹೇಳಿ, ವರದಿಯಲ್ಲಿ ಬರೆಯಿಸಿ. ನನ್ನ ಅನುಭವದಲ್ಲಿ ಈ ಮಾತನ್ನು ಗಮನವಿಟ್ಟು ಬರೆದುಕೊಳ್ಳುವವರು ಟ್ರೇನಿಗಳೇ. ಸಂಜೆ ಮೇಲ್ವಿಚಾರಕರು ಕೇಳಿದಾಗ ಉತ್ತರ ಕೊಡಬೇಕಲ್ಲ!

ಮತ್ತೆ ಚಿಕಿತ್ಸಾ ಶಾಲೆಗೆ ಬರೋಣ. ಅಲ್ಲಿ ಇಂಟರ್ನ್‌ಗೆ ಸಿಗುವ ಪಾಠ ಕ್ಲಿನಿಕ್ಕಿನಲ್ಲಿ ಸಿಗುವಂಥದ್ದಲ್ಲ. ಕ್ಲಿನಿಕ್ಕಿಗೆ ಮಗು ವಾರಕ್ಕೊಮ್ಮೆ ತಲೆ ಬಾಚಿಕೊಂಡು ಬರುತ್ತದೆ, ಮುಕ್ಕಾಲು ಗಂಟೆ ಒಳ್ಳೆಯದಾಗಿರುತ್ತದೆ. ಶಾಲೆಯಲ್ಲಿ ಅದೇ ಮಗು ಬೆಳಿಗ್ಗೆ ಬಸ್ಸಿನಲ್ಲಿ ಯಾರೋ ಚುಡಾಯಿಸಿದ್ದಕ್ಕೆ ಕುರ್ಚಿ ಎಸೆದದ್ದನ್ನು, ಮಧ್ಯಾಹ್ನ ಊಟ ಬಿಟ್ಟದ್ದನ್ನು, ಸಂಜೆ ಪುಟ್ಟ ಮಗುವೊಂದಕ್ಕೆ ಚಪ್ಪಲಿ ಹಾಕಿಕೊಟ್ಟದ್ದನ್ನು ಇಂಟರ್ನ್ ಕಣ್ಣಾರೆ ನೋಡುತ್ತಾಳೆ. ಡೆಟ್ರಾಯಿಟ್‌ನಲ್ಲಿ ನಲವತ್ತರ ದಶಕದಲ್ಲಿ ಫ್ರಿಟ್ಜ್ ರೆಡ್ಲ್ ಎಂಬವರು ತೀವ್ರ ಸಿಟ್ಟಿನ ಹುಡುಗರ ಜೊತೆ ಕೆಲಸ ಮಾಡಿ ಒಂದು ವಿಧಾನ ರೂಪಿಸಿದರು. ಜಗಳವಾದರೆ ಮುಂದಿನ ಗುರುವಾರದ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. ಜಗಳವಾದ ಜಾಗದ ಪಕ್ಕದಲ್ಲೇ, ಉಸಿರು ಸ್ವಲ್ಪ ಇಳಿದ ಮೇಲೆ ಮಗುವಿನ ಜೊತೆ ಕುಳಿತು ಮಾತಾಡಿ. ಇದು ಬರಿಯ ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಯಾವಾಗ ಮಾತಾಡಬೇಕು, ಯಾವಾಗ ಸುಮ್ಮನೆ ಪಕ್ಕದಲ್ಲಿ ಕೂರಬೇಕು ಎಂಬುದು ಕೈ ಕಲಿಯಬೇಕಾದ ಕೆಲಸ, ಪರೋಟಾ ತಟ್ಟಿದ ಹಾಗೆ.

ಹಾಗಾದರೆ ದೊಡ್ಡ ಹೆಸರಿನವರೇ ನೋಡಿದರೆ ಇನ್ನೂ ಒಳ್ಳೆಯದಲ್ಲವೇ? ಇದಕ್ಕೆ ಉತ್ತರವಾಗಿ ಇನ್ನೊಂದು ಶಾಲೆಯ ಕಥೆ. ಷಿಕಾಗೋ ವಿಶ್ವವಿದ್ಯಾನಿಲಯದ ಆರ್ಥೊಜೆನಿಕ್ ಶಾಲೆಯನ್ನು 1944ರಿಂದ 1973ರವರೆಗೆ ನಡೆಸಿದವರು ಬ್ರೂನೊ ಬೆಟೆಲ್‌ಹೈಮ್. ಜಗತ್ತಿನಲ್ಲೇ ಹೆಸರಾದ ಚಿಕಿತ್ಸಾ ಶಾಲೆ. ಪುಸ್ತಕಗಳು, ಭಾಷಣಗಳು, ಪತ್ರಿಕೆಗಳಲ್ಲಿ ಹೊಗಳಿಕೆ. ಆಟಿಸಂ ಬರುವುದು ತಾಯಿಯ ತಣ್ಣನೆಯ ಮನಸ್ಸಿನಿಂದ ಎಂಬ ಮಾತನ್ನು ಜನರ ತಲೆಯಲ್ಲಿ ಗಟ್ಟಿ ಮಾಡಿದವರಲ್ಲಿ ಅವರು ಪ್ರಮುಖರು. ಆ ಒಂದು ಮಾತಿನಿಂದ ಎಷ್ಟು ತಾಯಂದಿರು ತಮ್ಮನ್ನೇ ಶಪಿಸಿಕೊಂಡರೋ! ಮಾತು ಸುಳ್ಳೆಂದು ಈಗ ವಿಜ್ಞಾನ ಒಪ್ಪಿದೆ. 1990ರಲ್ಲಿ ಅವರು ತೀರಿಕೊಂಡ ಮೇಲೆ, ಆ ಶಾಲೆಯಲ್ಲಿ ಬೆಳೆದ ಹಲವರು ಬಾಯಿಬಿಟ್ಟರು: ಅವರು ನಮ್ಮನ್ನು ಹೊಡೆಯುತ್ತಿದ್ದರು, ಎಲ್ಲರೆದುರು ಅವಮಾನಿಸುತ್ತಿದ್ದರು. ಅವರ ಪರ ಮಾತಾಡಿದ ಹಳೆಯ ಸಿಬ್ಬಂದಿಯೂ ಇದ್ದರು, ಅದೂ ನಿಜ. ಆದರೆ ಮೂವತ್ತು ವರ್ಷ ಅವರಿಗೆ ಎದುರು ಕೂತು “ಸೋಮವಾರ ಆ ಹುಡುಗನಿಗೆ ಯಾಕೆ ಹಾಗೆ ಮಾಡಿದಿರಿ?” ಎಂದು ಕೇಳುವ ಒಬ್ಬ ಮೇಲ್ವಿಚಾರಕ ಇರಲಿಲ್ಲ. ಅವರ ಡಾಕ್ಟರೇಟ್ ಕೂಡ ಮನಃಶಾಸ್ತ್ರದ್ದಾಗಿರಲಿಲ್ಲ.

ಇದನ್ನು ಓದಿ ಟ್ರೇನಿಗಳೆಲ್ಲ ದೇವದೂತರು ಎಂದು ತಿಳಿಯಬೇಡಿ. ಅವರ ತರಬೇತಿಯಲ್ಲೇ ಒಂದು ಗಾಯ ಹುದುಗಿದೆ, ಅದಕ್ಕೇ ನನ್ನ ಎರಡನೆಯ ಪ್ರಶ್ನೆ. ವರ್ಷ ಮುಗಿದ ಕೂಡಲೇ ಇಂಟರ್ನ್ ಹೊರಟುಹೋಗುತ್ತಾಳೆ. ಚಿಕಿತ್ಸಾ ಶಾಲೆಯಲ್ಲಿರುವ ಮಕ್ಕಳಲ್ಲಿ ಎಷ್ಟೋ ಮಂದಿ ಮೊದಲೇ ಯಾರನ್ನೋ ಕಳೆದುಕೊಂಡವರು: ಬಿಟ್ಟುಹೋದ ತಂದೆ, ಸತ್ತ ಅಜ್ಜಿ, ಬದಲಾದ ಮೂರು ಶಾಲೆಗಳು. ಆರು ತಿಂಗಳು ಬಾಯಿ ಬಿಡದ ಹುಡುಗ ಏಳನೆಯ ತಿಂಗಳು ಮಾತಾಡಲು ಶುರುಮಾಡುತ್ತಾನೆ. ಹನ್ನೆರಡನೆಯ ತಿಂಗಳು ಅವಳಿಲ್ಲ. ಇದನ್ನು ಚೆನ್ನಾಗಿ ನಿಭಾಯಿಸುವ ಶಾಲೆಗಳು ಮೊದಲ ದಿನವೇ ಮಗುವಿಗೆ ಹೇಳುತ್ತವೆ – ಈ ಅಕ್ಕ ಈ ವರ್ಷ ಮಾತ್ರ ಇರುತ್ತಾರೆ. ಕೊನೆಯ ವಾರಗಳಲ್ಲಿ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ, ಮುಂದಿನವರನ್ನು ಪರಿಚಯಿಸುತ್ತಾರೆ, ಮಗು ಸಿಟ್ಟು ಮಾಡಿಕೊಳ್ಳಲು ಅವಕಾಶ ಕೊಡುತ್ತಾರೆ. ಕೆಟ್ಟದಾಗಿ ನಿಭಾಯಿಸುವ ಕಡೆ ಒಂದು ಸೋಮವಾರ ಬಂದಾಗ ಕುರ್ಚಿಯಲ್ಲಿ ಬೇರೆಯವರು ಕೂತಿರುತ್ತಾರೆ. ನಮ್ಮ ಆಸ್ಪತ್ರೆಗಳಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಕಲಿಯುವವರನ್ನು ಒಂದು ವಿಭಾಗದಿಂದ ಇನ್ನೊಂದಕ್ಕೆ ಕಳಿಸುತ್ತಿರುತ್ತಾರೆ. ಆದ್ದರಿಂದ ಹೋಗುವ ದಿನಾಂಕ ಕೇಳುವುದು ಅಧಿಕಪ್ರಸಂಗವಲ್ಲ. ವಿದಾಯ ಹೇಳುವ ಕೊನೆಯ ಭೇಟಿಯನ್ನು, ಮಗು ಚೆನ್ನಾಗಿದೆ ಎಂದು, ಬಸ್ಸಿನ ಖರ್ಚು ಉಳಿಯುತ್ತದೆಂದು ತಪ್ಪಿಸಬೇಡಿ. ಮಗುವಿಗೆ ಅದು ಬಹಳ ಬೇಕಾದ ಭೇಟಿ.

ನಮ್ಮ ಕಾನೂನು ಏನು ಹೇಳುತ್ತದೆ? ಬೆಂಗಳೂರಿನ ಇಂದಿನ ನಿಮ್ಹಾನ್ಸ್‌ನ ಜಾಗದಲ್ಲಿ ಕ್ಲಿನಿಕಲ್ ಸೈಕಾಲಜಿಯ ತರಬೇತಿ ಐವತ್ತರ ದಶಕದಲ್ಲೇ ಶುರುವಾಗಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರು ಎಂದು ವಿವರಿಸುವಾಗ ಎರಡು ವರ್ಷದ ಪೂರ್ಣಾವಧಿ ಕಲಿಕೆಯನ್ನೂ ಮೇಲ್ವಿಚಾರಣೆಯಲ್ಲಿ ನಡೆದ ತರಬೇತಿಯನ್ನೂ ಹೆಸರಿಸುತ್ತದೆ. ಅಂದರೆ ನೀವು ಹುಡುಕುತ್ತಿರುವ ‘ದೊಡ್ಡವರು’ ಕೂಡ ಒಂದು ದಿನ ಯಾರದೋ ಮಗುವಿನ ಮುಂದೆ ಟ್ರೇನಿಯಾಗಿ ಕುಳಿತವರೇ. ಕಲಿಕೆ ಮುಗಿಸಿದವರಿಗೆ ಭಾರತೀಯ ಪುನರ್ವಸತಿ ಪರಿಷತ್ತು ನೋಂದಣಿ ಸಂಖ್ಯೆ ಕೊಡುತ್ತದೆ. ಪೇಟೆಯಲ್ಲಿ ಬೋರ್ಡು ಹಾಕಿದವರಲ್ಲಿ ಆ ಸಂಖ್ಯೆ ಕೇಳಿ ನೋಡಿ. ಕೆಲವೇ ವಾರಗಳ ಕೋರ್ಸಿನ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿದವರು ಅಲ್ಲಿ ಮಾತು ತಿರುಗಿಸುತ್ತಾರೆ.

ಟ್ರೇನಿಯೊಂದಿಗೆ ಮಾತಾಡುವಾಗ ಮನೆಯ ವಿಷಯಗಳನ್ನು ಮುಚ್ಚಿಡಬೇಡಿ. ದೃಷ್ಟಿ ತಾಗಿದೆ ಎಂದು ಉಸ್ತಾದರಲ್ಲಿಗೆ ಹೋಗಿ ಓದಿ ಊದಿಸಿದ್ದರೆ ಅದನ್ನೂ ಹೇಳಿ. ಅವರು ನಕ್ಕರೆ ಅದನ್ನು ಮೇಲ್ವಿಚಾರಕರಿಗೆ ತಿಳಿಸಿ. ಕುಟುಂಬದ ನಂಬಿಕೆಗಳನ್ನು ಗೌರವದಿಂದ ಕೇಳಿಸಿಕೊಳ್ಳುವುದು ಅವರ ಪಾಠದ ಭಾಗವೇ. ರಮಝಾನ್‌ನಲ್ಲಿ ಮಗು ತಾನೂ ಉಪವಾಸ ಹಿಡಿಯುತ್ತೇನೆ ಎಂದು ಹಟ ಹಿಡಿದು ಮಧ್ಯಾಹ್ನದ ಮಾತ್ರೆ ಬಿಟ್ಟರೆ, ಆ ವಾರದ ಸಿಟ್ಟಿಗೆ ಕಾರಣ ಗೊತ್ತಾಗದೆ ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ. ಮಾತ್ರೆಯ ಸಮಯ ಬದಲಿಸುವುದನ್ನು ಮಾತ್ರ ಬರೆದುಕೊಟ್ಟ ಮನೋವೈದ್ಯರಲ್ಲೇ ಕೇಳಬೇಕು. ಉಮ್ಮ ಒಬ್ಬರೇ ಬಂದು, ಗಲ್ಫ್‌ನಲ್ಲಿರುವ ತಂದೆಗೆ ವಿಷಯವೇ ತಿಳಿಸದೆ ಇರುವುದನ್ನೂ ನೋಡಿದ್ದೇನೆ. ತಂದೆಗೆ ವಾಟ್ಸ್ಆ್ಯಪ್ ಕರೆ ಮಾಡಿ ಐದು ನಿಮಿಷ ಮಾತಾಡಲು ಟ್ರೇನಿಗೆ ಸಮಯವಿರುತ್ತದೆ, ದೊಡ್ಡ ಡಾಕ್ಟರಿಗೆ ಬಹುಶಃ ಇರುವುದಿಲ್ಲ.

ಇನ್ನೊಂದು ಅನುಮಾನ ಬಾರದಿರಲಿ: ಮಗು ಹೇಳಿದ್ದನ್ನು ಅವರು ಮೇಲ್ವಿಚಾರಕರಿಗೆ ಹೇಳುತ್ತಾರೆ, ಅದು ಚಾಡಿಯಲ್ಲ. ಆದರೆ ಆ ಕೋಣೆಯ ಹೊರಗೆ, ಕ್ಯಾಂಟೀನಿನಲ್ಲಿ ಅಥವಾ ನಿಮ್ಮ ನೆಂಟರ ಮುಂದೆ ಅದರ ಬಗ್ಗೆ ಮಾತಾಡುವಂತಿಲ್ಲ.

ಕೊನೆಗೆ ವರದಿ ಕೈಗೆ ಬಂದಾಗ ಮಡಚಿ ಪರ್ಸಿನಲ್ಲಿಡುವ ಮೊದಲು ಕೆಳಭಾಗ ನೋಡಿ. ಟ್ರೇನಿ ಮಾಡಿದ ಪರೀಕ್ಷೆಯಾದರೆ ಅಲ್ಲಿ ಎರಡು ಸಹಿಗಳಿರಬೇಕು: ಒಂದು ಅವರದ್ದು, ಇನ್ನೊಂದು ನೋಂದಣಿ ಸಂಖ್ಯೆಯ ಜೊತೆ ಮೇಲ್ವಿಚಾರಕರದ್ದು. ಎರಡನೆಯದು ಇಲ್ಲದಿದ್ದರೆ ಅಲ್ಲಿಯೇ ವಾಪಸ್ ಕೊಟ್ಟು, ಹಾಕಿಸಿಕೊಂಡೇ ಬನ್ನಿ.